ಎಡಗಡೆ ಮೂಲ, ಬಲಗಡೆ ಖಾಲಿ

ಬೈತಖೋಲಿನಲ್ಲಿ ಕ್ಯಾಸೆಟ್ಟಿನ ಆಯುಸ್ಸು ಆರು ಮಳೆಗಾಲ.
ಏಳನೆಯದಕ್ಕೆ ಸುರುಳಿಯಂಚಿಗೆ ಬಿಳಿ ಬೂಷ್ಟು,
ಹಾಡುವವನ ಗಂಟಲಲ್ಲಿ ಮರಳು.
ಅದಕ್ಕೇ ಕೊಂಡ ದಿನವೇ ಒಂದು ನಕಲು ತೆಗೆಯುತ್ತಿದ್ದೆ:
ಎಡಗಡೆ ಮೂಲ, ಬಲಗಡೆ ಖಾಲಿ,
ಗುಂಡಿಗಳನ್ನು ಒಟ್ಟಿಗೆ ಒತ್ತಿ
ಮನೆಯಲ್ಲಿ ಯಾರೂ ಕೆಮ್ಮಬಾರದೆಂದು ತಾಕೀತು.
ತಂತಿಯೊಳಗೆ ಹರಿಯುವ ಹಾಡಿಗೆ ಕೆಮ್ಮು ಹತ್ತುವುದಿಲ್ಲ
ಎಂದು ಗೊತ್ತಾದದ್ದು ಎಷ್ಟೋ ವರ್ಷಕ್ಕೆ.

ಮೂಲ ಅಕ್ಕಿಡಬ್ಬಿಯ ತಳಕ್ಕೆ.
ಕೇಳುವುದೆಲ್ಲ ನಕಲು.

ಕೋರ್ಟಿನಲ್ಲಿ ಗುಮಾಸ್ತನಾಗಿದ್ದ ಪುಂಡಲೀಕ ಮಾಜಾಳಿಕರ
ಕನ್ನಡಕ ಹಣೆಗೇರಿಸಿ ಕವರಿನ ಇರುವೆಯಕ್ಷರ ಓದಿದ:
"ಅನುಮತಿಯಿಲ್ಲದೆ ನಕಲು ಮಾಡುವುದು ಅಪರಾಧ.
ನಿನ್ನದೇ ಕಿವಿಗಾದರೆ ನಡೆದೀತು ಅಂತಾರೆ.
ಕೊಟ್ಟೆಯೋ, ಕೆಟ್ಟೆ."
"ಹೆಂಡತಿಯ ಕಿವಿ?"
"ಒಂದೇ ಮನೆ ಅಲ್ದಾ."
"ಗೋಡೆಯಾಚೆ ಪಕ್ಕದವರು ಕೇಳಿಸಿಕೊಂಡರೆ?"
"ಸುಮ್ಮನಿರು ಮಾರಾಯ, ಚಹಾ ಆರಿಹೋಯ್ತು."

ಮೊನ್ನೆ ಜಾನು ತಾಂಡೇಲ ಬಂದ.
ಎಂಬತ್ತೊಂಬತ್ತರಲ್ಲಿ ಹುಬ್ಬಳ್ಳಿಗೆ ಹೋಗಿ
ಒಂದೇ ದಿನ ಎಂಟು ಕೊಂಕಣಿ ಭಜನೆ ಹಾಡಿ
ಮುನ್ನೂರು ರೂಪಾಯಿ, ಹತ್ತು ಕ್ಯಾಸೆಟ್ಟು, ಬಸ್ ಚಾರ್ಜು ತಂದವನು.
ಬಿಟ್ಟುಬಂದದ್ದು ಒಂದು ಸಹಿ.
ಹತ್ತನ್ನೂ ನೆಂಟರಿಗೆ ಹಂಚಿದ,
"ನನ್ನದು ನನ್ನ ಬಾಯಲ್ಲೇ ಇದೆಯಲ್ಲ" ಎಂದು.

ಈಗ ಗಂಟಲಿನ ಆಪರೇಶನ್ ಆಗಿ
ಮಾತೆಲ್ಲ ಬರೀ ಉಸಿರು.
ಬೆರಳಿಂದ ಗಾಳಿಯಲ್ಲಿ ಒಂದು ಚೌಕ ಬರೆದ,
ಒಳಗೆ ಎರಡು ಸೊನ್ನೆ.

ಅಕ್ಕಿಡಬ್ಬಿ ತೋಡಿದೆ. ಮೂಲಕ್ಕೆ ಬೂಷ್ಟು, ಅಕ್ಕಿಗೆ ಹುಳ.
ಉಳಿದದ್ದು ನಕಲಿನ ನಕಲಿನ ನಕಲು.
ಹಾಕಿದೆ. ಮೊದಲು ಸುಯ್‌ ಎಂಬ ಗಾಳಿ,
ಅದರ ಹಿಂದೆ ಎಲ್ಲೋ ದೂರದ ದೋಣಿಯಲ್ಲಿ ನಿಂತಂತೆ
ಮೂವತ್ತರ ಹರೆಯದ ಜಾನು.
ಮೂರನೇ ಭಜನೆಯಲ್ಲಿ ನಮ್ಮ ಕರೆಂಟು ಹೋಗಿ ಬಂದ ಕಡೆ
ಅರ್ಧ ಸಾಲು ಇಲ್ಲ.
ಇಷ್ಟು ವರ್ಷ ಆ ಹೊಂಡ ದಾಟಿಯೇ ನಾನು ಕೇಳಿದ್ದು.
ಎದುರು ಕೂತವನ ತುಟಿ
ಸದ್ದಿಲ್ಲದೆ ಆ ಅರ್ಧ ಸಾಲು ಹಾಡಿತು.

ಅನುಮತಿ ಯಾರನ್ನು ಕೇಳುವುದು?
ಕಂಪನಿ ಇದ್ದಲ್ಲಿ ಈಗ ಚಪ್ಪಲಿ ಅಂಗಡಿಯಂತೆ,
ಸಹಿ ಮಾಡಿದ ಕಾಗದ ಯಾವ ಕಪಾಟಿನಲ್ಲಿದೆಯೋ,
ಅಲ್ಲಿಯೂ ಗೆದ್ದಲು ಓದುತ್ತಿರಬಹುದು.
ಪುಂಡಲೀಕನ ಮುಖ ನೋಡಿದೆ.
ಅವನು ಕಿಟಕಿಗೆ ತಿರುಗಿ
ಬಂದರಿಗೆ ಬರುವ ಟ್ರಾಲರುಗಳನ್ನು
ಒಂದೊಂದಾಗಿ ಎಣಿಸತೊಡಗಿದ, ಅದೇ ಕೆಲಸವೆಂಬಂತೆ.

ಎಡಗಡೆ ನಕಲು, ಬಲಗಡೆ ಖಾಲಿ.
ಗುಂಡಿಗಳನ್ನು ಒಟ್ಟಿಗೆ ಒತ್ತಿದೆ.
ಕೆಮ್ಮು ಬಂದೀತೆಂದು ಜಾನು
ಎರಡೂ ಕೈ ಬಾಯಿಗೆ ಅಡ್ಡ ಹಿಡಿದು
ನಲವತ್ತೈದು ನಿಮಿಷ ಅಲುಗದೆ ಕೂತ.

ಹಾಗೇನೂ ಆಗುವುದಿಲ್ಲ ಎಂದು
ನಾನು ಹೇಳಲಿಲ್ಲ.