ಹದಿನೇಳು ಕಂಬಳಿ

ರೈಲು ಕಂಪನಿಯದೇ ಹಡಗು.
ವೇಳಾಪಟ್ಟಿಯಲ್ಲಿ ಫಿಶ್‌ಗಾರ್ಡ್ ಆದಮೇಲೆ ರಾಸ್ಲೇರ್;
ನಡುವಿನ ಕಡಲಿಗೆ ಒಂದು ಗೆರೆ, ಅಷ್ಟೇ.
ಟಿಕೆಟಿಗೆ ತೂತು ಹೊಡೆಯುವವನೂ ರೈಲಿನವನೇ,
ಅಲೆಯೆದ್ದ ದಿನ ಕಂಪನಿಯ ಟೊಪ್ಪಿಯೊಳಗೇ
ವಾಂತಿ ಮಾಡಿಕೊಳ್ಳುತ್ತಿದ್ದ.

ಬಸಿ, ಚಮಚ, ಕಂಬಳಿ,
ಎಲ್ಲದಕ್ಕೂ ಮುದ್ರೆ.
ಲೆಕ್ಕ ಮೊರ್ವಿದ್ ಪ್ರಥೆರೊಳ ಕೈಯಲ್ಲಿ.

ಯುದ್ಧ ಬಂತು. ಹಡಗಿಗೆ ಬಿಳಿ ಬಳಿದರು,
ಊಟದ ಮನೆಯಲ್ಲಿ ಮಂಚ ಹಾಕಿದರು.
ನಾಲ್ಕು ವರ್ಷ ಫ್ರಾನ್ಸಿಗೆ ಹೋಯಿತು, ಬಂತು;
ಹೋಗುವಾಗ ಹಗುರ.

ಶಾಂತಿಯಾದ ವರ್ಷ ಗುಮಾಸ್ತನ ಓಲೆ:
‘ಹದಿನೇಳು ಕಂಬಳಿ ಕಡಿಮೆ ಬಿದ್ದಿವೆ.
ಸಂಬಳದಲ್ಲಿ ಮುರಿಯುವ ಮುನ್ನ ವಿವರಣೆ ಕೊಡುವುದು.’

ಷರಾ ಎಂದಿದ್ದ ಕಡೆ ಪೆನ್ಸಿಲಿನಲ್ಲಿ ಬರೆದಳು:
‘ಹೊದ್ದವರು ಇನ್ನೂ ಎದ್ದಿಲ್ಲ.’

ಮುಂದೆ ಹಡಗೂ ಗುಜರಿಗೆ ಹೋಯಿತು,
ಟನ್ನಿನ ಲೆಕ್ಕದಲ್ಲಿ.
ಆ ಲೆಕ್ಕ ತಾಳೆಯಾಯಿತು.