ಐದು–ಸೊನ್ನೆಯ ಮರುದಿನ

ಗೋಣಿಕೊಪ್ಪಲಿನಲ್ಲಿ ಭಾನುವಾರ ನನ್ನ ಕುರ್ಚಿ ಖಾಲಿ ಇರುವುದಿಲ್ಲ.
ಕೀರೆಹೊಳೆ ಇಲೆವೆನ್ ಸೋತ ಮರುದಿನವಂತೂ
ಕೂದಲಿಲ್ಲದವರೂ ಬಂದು ಬೆಂಚು ಹಿಡಿಯುತ್ತಾರೆ.

ನಿನ್ನೆ ಐದು–ಸೊನ್ನೆ.
ಅದೂ ಯಾರ ಕೈಲಿ? ಬಾಳೆಲೆಯ ಹುಡುಗರ ಕೈಲಿ,
ಒಂದೇ ಪಿಕಪ್ಪಿನಲ್ಲಿ ಹದಿನಾರು ಜನ ನಿಂತು ಬಂದವರು,
ಸ್ಟಿಕ್ಕಿನ ಹಿಡಿಗೆ ಸೈಕಲ್ ಟ್ಯೂಬು ಸುತ್ತಿಕೊಂಡವರು.

ನಮ್ಮವರದು ಏಸಿ ಬಸ್ಸು.
ಬಸ್ಸಿನ ಮೈಮೇಲೆ ಕ್ಯೂರಿಂಗ್ ವರ್ಕ್ಸ್ ಸಾಹುಕಾರರ ಹೆಸರು,
ಹೆಸರಿನ ಕೆಳಗೆ ಹುಲಿ, ಹುಲಿಯ ಬಾಯಲ್ಲಿ ಚೆಂಡು.
ಪೆನಾಲ್ಟಿ ಕಾರ್ನರಿಗೆಂದೇ ಕೊಂಡು ತಂದ ಆಳಿಗೆ ಹನ್ನೆರಡು ಲಕ್ಷ;
ಒಂಬತ್ತು ಕಾರ್ನರಿನಲ್ಲಿ ಅವನು ಹೊಡೆದುರುಳಿಸಿದ್ದು
ಕಾಂಪೌಂಡಿನಾಚೆ ಯಾರದೋ ಹಟ್ಟಿಯ ಒಂದು ಹೆಂಚು.

"ಎಲ್ಲರನ್ನೂ ಕಿತ್ತು ಬಿಸಾಕಬೇಕು" ಅಂದರು ಚಿಟ್ಟಿಯಪ್ಪ.
ಮುಖದ ತುಂಬ ನೊರೆ, ಗಂಟಲ ಮೇಲೆ ನನ್ನ ಕತ್ತಿ,
ಅಲ್ಲಾಡಬೇಡಿ ಅಂದರೆ ಕತ್ತು ಇನ್ನೂ ಚಾಚುತ್ತಾರೆ.
"ಬೋರರ್ ಹುಳ ಹೊಕ್ಕ ಗಿಡಕ್ಕೆ ಗೊಬ್ಬರ ಹಾಕಿದರೆ ಗೊಬ್ಬರಕ್ಕೂ ನಷ್ಟ.
ಬೇರು ಸಮೇತ ತೆಗೀರಿ. ಹೊಸ ಸಸಿ ನೆಡಿ. ನಾಲ್ಕು ವರ್ಷ ಕಾಯಿರಿ."

"ನಾಲ್ಕು ವರ್ಷ ನೀನಿರ್ತೀಯಾ?"
ಡ್ರಿಲ್ ಮೇಷ್ಟ್ರು ಕುಶಾಲಪ್ಪ, ನಿವೃತ್ತರು,
ಮಳೆ ಬರುವುದನ್ನು ಹಳೇ ಏಟು ಬಿದ್ದ ಮಂಡಿಯಿಂದ ಹೇಳುವವರು.
"ಮಂಡಿಮಟ್ಟಕ್ಕೆ ಕಡಿದರೆ ಸಾಕು. ಬುಡ ಗಟ್ಟಿ ಇದೆ, ಚಿಗುರುತ್ತೆ."

"ಬುಡ ಎಲ್ಲಿದೆ ಮೇಷ್ಟ್ರೇ?" ಮೀನಂಗಡಿ ಮೊಯ್ದು.
"ಅಷ್ಟೂ ಜನರಲ್ಲಿ ಈ ಊರಿನವ ಒಬ್ಬ.
ಅವನೂ ನೀರಿನ ಬಾಟಲಿ ಎತ್ತಿಕೊಡೋನು."

ಮೊಮ್ಮಗನ ತಲೆ ತೋರಿಸಲು ಬಂದ ದೇಚಮ್ಮ
ಒಂದು ಕಾಲಕ್ಕೆ ಕಾಲೇಜು ಟೀಮಿನ ಲೆಫ್ಟ್ ಔಟು:
"ಗಿಡದ ಮಾತು ಬಿಡಿ. ನಡುವೆ ಚೆಂಡು ಹಿಡಿಯೋರೇ ಇಲ್ಲ.
ಮುಂದೆ ಐದು ಜನ ನಿಂತಿರ್ತಾರೆ,
ಮದುವೆಮನೇಲಿ ಫೋಟೋಕ್ಕೆ ನಿಂತ ಹಾಗೆ."

ಕೋಚಿನ ಡ್ರೋನಿನ ಕಥೆಯೂ ಬಂತು.
ಅದು ಹೆಜ್ಜೇನಿಗೆ ಬಡಿದು, ಎಲ್ಲರೂ ದಬದಬ ನೆಲಕ್ಕೆ ಬಿದ್ದರಲ್ಲ,
ಈ ವರ್ಷ ನಮ್ಮ ಡಿಫೆನ್ಸು ಒಟ್ಟಿಗೆ ಆಡಿದ್ದು
ಅದೊಂದೇ ಸಲ.

ನಗು ಮುಗಿದಿರಲಿಲ್ಲ. ಬಾಗಿಲಲ್ಲಿ ಇಗ್ನೇಸ್ ಸೊರೆಂಗ್,
ನಮ್ಮ ಗೋಲಿ. ಸಿಮ್ಡೇಗಾದವನು.
ಹೆಬ್ಬೆರಳಿಗೆ ಬ್ಯಾಂಡೇಜು, ಕಾಲಿಗೆ ಹವಾಯಿ ಚಪ್ಪಲಿ.
ಫ್ಯಾನಿನ ಕಿರಿಕಿರಿ ಅಷ್ಟು ಜೋರೆಂದು ನನಗೂ ಗೊತ್ತಿರಲಿಲ್ಲ.

"ಏನು ಮಾತು ಅಣ್ಣ?"
"ಕಾಫಿ" ಅಂದರು ಮೇಷ್ಟ್ರು. "ಗಿಡ ಕೀಳೋದಾ, ಕಡಿಯೋದಾ ಅಂತ."
ಸುಳ್ಳೇನೂ ಅಲ್ಲ.

ಅರ್ಧ ಮುಖ ಹಾಗೇ ಬಿಟ್ಟು ಚಿಟ್ಟಿಯಪ್ಪ ಎದ್ದರು.
"ನೀನು ಕೂತ್ಕೋ. ನನಗೇನು ಅವಸರ?"

ಬಟ್ಟೆ ಹೊದಿಸಿ ಕೂದಲು ಮೇಲಕ್ಕೆತ್ತಿದೆ.
ಎಡಗಿವಿಯ ಹಿಂದೆ, ಚೆಂಡಿನಷ್ಟೇ ದುಂಡಗೆ, ನೀಲಿ.
ಕತ್ತರಿ ಅಲ್ಲಿಗೆ ಹೋಗಲು ಹಿಂಜರಿಯಿತು.
ಕನ್ನಡಿಯಲ್ಲಿ ಬೆಂಚಿಗೆ ಬೆಂಚೇ ಅದನ್ನು ನೋಡುತ್ತಿತ್ತು.

ದೇಚಮ್ಮನ ಮೊಮ್ಮಗ ಅಂದ:
"ಇಪ್ಪತ್ತಮೂರು ತಡೆದ್ರಿ ನೀವು. ನಾನು ಎಣಿಸಿದೆ."

ಇಗ್ನೇಸ್ ಕನ್ನಡಿಯಲ್ಲೇ ಅವನನ್ನು ಹುಡುಕಿದ.
"ಇಪ್ಪತ್ತೆರಡು. ಒಂದು ಕಂಬಕ್ಕೆ ತಾಗಿದ್ದು."

ದುಡ್ಡು ಬೇಡವೆಂದೆ. ಎಣಿಸಿ ಕೊಟ್ಟೇ ಹೋದ.
ಅವನ ಚಪ್ಪಲಿ ಸದ್ದು ಬಸ್‌ಸ್ಟ್ಯಾಂಡಿನ ಕಡೆ ತಿರುಗುವವರೆಗೆ
ಯಾರೂ ಉಸಿರೆತ್ತಲಿಲ್ಲ.

"ಇವನೊಬ್ಬ ಇರಲಿ" ಅಂದರು ಚಿಟ್ಟಿಯಪ್ಪ,
ಒಂದು ಕೆನ್ನೆಯಲ್ಲಿ ಒಣಗಿದ ನೊರೆ.
"ಬೇರು ಸಮೇತ ಅಂದಿದ್ದೆಯಲ್ಲ?"
"ಇವನನ್ನು ಬಿಟ್ಟು."
"ಹಾಗಾದರೆ ಆ ಹನ್ನೆರಡು ಲಕ್ಷದವ?"
"ಅವನ ಹೆಸರೆತ್ತಬೇಡಿ ಮೇಷ್ಟ್ರೇ, ನನಗೆ ಬಿಪಿ ಇದೆ."

ಮತ್ತೆ ಶುರು.
ಉಳಿದರ್ಧ ಮುಖಕ್ಕೆ ಬ್ರಷ್ಷು ಒದ್ದೆ ಮಾಡಿಕೊಂಡೆ.
ಬರುವ ಶನಿವಾರ ಅಮ್ಮತ್ತಿಯಲ್ಲಿ ಆಟ; ಮೊಯ್ದುವಿನ ಜೀಪಿನಲ್ಲಿ
ನನಗೊಂದು ಜಾಗ ಹೇಳಿಯಾಗಿದೆ.
"ಮಧ್ಯಾಹ್ನ ಅಂಗಡಿ ರಜ" ಬೋರ್ಡು
ಕನ್ನಡಿಯ ಹಿಂದೆ, ಕಳೆದ ವಾರದ್ದೇ, ಹಾಗೇ ಇದೆ.