ಹತ್ತರ ಮುಂದೆ ಇಪ್ಪತ್ತು

ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು ಆ ಖೋಲಿಗೆ.
ಬಾಗಲಕೋಟೆಯಲ್ಲಿ ಹಾಗೆ ಬಿಡಿಸುತ್ತಿದ್ದದ್ದು
ಮಠ, ದರ್ಗಾ, ಮತ್ತು ಎಂಬತ್ತೇಳರಲ್ಲಿ
ನಮ್ಮ ಕಾಲೇಜಿನ ಕಂಪ್ಯೂಟರು.
ಒಂದೇ ಯಂತ್ರ, ಹದಿನೇಳು ಮಂದಿ,
ಎಲ್ಲ ಬಿ.ಎ., ಇತಿಹಾಸ, ಅರ್ಥಶಾಸ್ತ್ರ;
ಲೆಕ್ಕ ಅಂದರೆ ಹೊಟ್ಟೆ ನುಲಿಯುವ ಪೈಕಿ.

"ನಿಮ್ಮಂಥವರ ಸಲುವಾಗೇ ಹುಟ್ಟಿದ ಭಾಷಾ ಇದು,"
ಅಂದರು ಬಿಲಕೆರೂರ ಮೇಡಮ್, "ಬೇಸಿಕ್ಕು.
ಅರವತ್ನಾಲ್ಕರ ಮೇ ಒಂದು, ನಸುಕಿನ ನಾಲ್ಕಕ್ಕ,
ಅಮೆರಿಕಾದ ಒಂದು ಥಂಡಿ ಗುಡ್ಡದ ಊರಾಗ.
ಇಬ್ಬರು ಗಣಿತದ ಮಾಸ್ತರು, ನಿದ್ದಿಗೆಟ್ಟ ಹುಡುಗರು.
ಅದಕ್ಕೂ ಮೊದಲ ಕಾರ್ಡಿಗೆ ತೂತು ಹೊಡದು
ಕಿಟಕಿಯೊಳಗ ಕೊಟ್ಟು
ನಾಳೆ ಬಾ ಅನಿಸ್ಕೋಬೇಕಿತ್ತು,
ನಮ್ಮ ತಹಶೀಲ್ದಾರ ಕಚೇರಿ ಹಂಗ.
ಅವತ್ತು ಎರಡು ಟೈಪ್ ಯಂತ್ರ ಒಟ್ಟಿಗೇ ಕೇಳಿದವು,
ಎರಡಕ್ಕೂ ಅಲ್ಲೇ ಉತ್ತರ ಸಿಕ್ತು.
ಹಲೋ ಅಂತ ಕೂಡೂದು, ಬೈ ಅಂತ ಏಳೂದು.
ಕಾವ್ಯ ಓದೋ ಹುಡುಗನೂ ಕಲೀಬೇಕು.
ಅಷ್ಟ ಅವರ ಹಟ."

ಲೆಟ್ ಎಂಬುದಕ್ಕೆ 'ಆಗಲಿ' ಎಂದರು:
ಎಕ್ಸ್ ಐದಾಗಲಿ. ವಾಯ್ ಸೊನ್ನೆಯಾಗಲಿ.
ಅಕ್ಷತೆ ಉದುರಿಸುವಂತೆ ಬೆರಳು ಉದುರಿಸಿದೆವು ಕೀಲಿಗಳ ಮೇಲೆ.
ನಾನು ನನ್ನ ಹೆಸರು ಬರೆದು ಗೋಟೂ ಹತ್ತು ಅಂದೆ;
ಪರದೆ ತುಂಬ ಮಹಾನಂದಾ ಮಹಾನಂದಾ ಮಹಾನಂದಾ,
ನಿಲ್ಲಿಸಲು ನನಗೆ ಬರಲಿಲ್ಲ.
ನಿಲ್ಲಿಸಿದ್ದು, ಹನ್ನೊಂದಕ್ಕೆ ಹೋದ ಕರೆಂಟು.

ಸಾಲಿಗೆಲ್ಲ ನಂಬರು. ಹತ್ತರ ಮುಂದೆ ಇಪ್ಪತ್ತು,
ಇಪ್ಪತ್ತರ ಮುಂದೆ ಮೂವತ್ತು.
ಪಂಕಾ ಒರೆಸುತ್ತಿದ್ದ ಜವಾನ ಮಾಬುಸಾಬ ನದಾಫ
ಕೈ ನಿಲ್ಲಿಸಿ ಕೇಳಿದ:
"ಬಾಯಾರ, ನಡುವಿನ ಒಂಬತ್ತು ಎಲ್ಲಿ ಹ್ವಾದುವು?"
"ಖಾಲಿ ಇಟ್ಟೇವಿ. ಮರತದ್ದು ಆಮ್ಯಾಲೆ ನೆನಪಾದ್ರ
ಎಲ್ಲಿ ಕುಂಡ್ರಸ್ತೀ ಮತ್ತ?"

ಅವನು ನಗಲಿಲ್ಲ.
ಆ ತಿಂಗಳೇ ಕಿಲ್ಲಾದ ಗೋಡೆಗಳಿಗೆ ಕೆಂಪು ಬಣ್ಣದ ಡಬ್ಬಿ ಬಂದಿತ್ತು,
ಆಲಮಟ್ಟಿಯ ನೀರು ಇಲ್ಲಿತನಕ ಏರುತ್ತದೆಂದು.
ಇನ್ನೂರಾ ನಲವತ್ತು, ನಲವತ್ತೊಂದು, ನಲವತ್ತೆರಡು,
ಕೂದಲೂ ತೂರದ ಎಣಿಕೆ.
ಎಣಿಸಿ ಹೋದ ಹದಿನೈದು ದಿನಕ್ಕೆ
ಅವನ ತಂಗಿ ಹುಸೇನಬಿ, ಗಂಡನನ್ನು ಮಣ್ಣು ಮಾಡಿ,
ಎರಡು ಮಕ್ಕಳು ಒಂದು ಟ್ರಂಕು ತಗೊಂಡು ತವರಿಗೆ ಬಂದಳು.
"ನಂಬರ್ ಮುಗದಾವ" ಅಂದರಂತೆ ಕಚೇರಿಯಲ್ಲಿ.

ಅವನು ಇದನ್ನೆಲ್ಲ ನಮ್ಮೆದುರೇ ಹೇಳಿದ್ದನಂತೆ.
ನನಗೆ ನೆನಪಿಲ್ಲ. ನನ್ನ ಕಣ್ಣು
ಪರದೆಯ ಮಿಣುಕುವ ಹಸಿರು ಚೌಕದ ಮೇಲಿತ್ತು.

ನೀರು ಬಂತು.
ನಾವು ಕಲಿತ ಭಾಷೆಯೂ ಎಲ್ಲೋ ತಳ ಸೇರಿತು;
ಸಾಲಿಗೆ ಈಗ ಯಾರೂ ನಂಬರು ಹಾಕುವುದಿಲ್ಲ,
ಗೋಟೂ ಅಂದರೆ ನಮ್ಮ ಸಾಲೀ ಹುಡುಗರು ನಗುತ್ತಾರೆ.

ಮೊನ್ನೆ ನವನಗರದಲ್ಲಿ, ಮತದಾರರ ಪಟ್ಟಿ ಬಗಲಲ್ಲಿ ಹಿಡಿದು
ಬಿಸಿಲಿಗೆ ಬೈಯುತ್ತ ಮನೆ ಮನೆ ತಿರುಗುವಾಗ
ಒಂದು ಗೇಟಿನ ಮುಂದೆ ನಿಂತುಬಿಟ್ಟೆ.
ಸರಕಾರದ ನಂಬರು ಮೇಲೆ ತಗಡಿನಲ್ಲಿತ್ತು, ತುಕ್ಕು ತಿಂದು.
ಕೆಳಗೆ, ಸುಣ್ಣದಲ್ಲಿ, ಯಾರದೋ ಗಟ್ಟಿ ಕೈ:
ಮುಂದಿನ ಬಾಗಿಲಿಗೆ ಹತ್ತು,
ಹಿತ್ತಲ ಬಾಗಿಲಿಗೆ ಇಪ್ಪತ್ತು,
ನಡುವಿನ ಪತ್ರಾಸ್ ಖೋಲಿಗೆ
ಹದಿನೈದು.

ಒಳಗಿಂದ ಹೊಲಿಗೆ ಯಂತ್ರದ ಸದ್ದು.
ಚಪ್ಪಲಿ ಬಿಟ್ಟು ಒಳಗೆ ಹೋದೆ.
"ಹೆಸರೇನ್ರೀ?" ಅಂತ ಕೇಳಿದೆ,
ಗೊತ್ತಿದ್ದೂ.